ನಿಸ್ತಂತು ಜಾಲದ ಉಪಕರಣಗಳು ಮತ್ತು ಅವುಗಳ ಪುನಶ್ಚೇತನ

ತಂತಿಯ ಆಸರೆಯಿಲ್ಲದೆ ಸಂದೇಶವನ್ನು ದೂರಕ್ಕೆ ಕಳುಹಿಸುವ ವಿದ್ಯೆ ಮಾನವನಿಗೆ ಕರಗತವಾಗಿ ಒಂದು ಶತಮಾನಕ್ಕೂ ಮಿಗಿಲಾಯಿತು. ಆ ವಿದ್ಯೆ ಇಂದು ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಗಿ, ಶಾಲೆಯ ಕಚೇರಿ, ಗ್ರಂಥಾಲಯ, ಆಸ್ಪತ್ರೆ, ಸಹಕಾರಿ ಸಂಘ ಮೊದಲಾದೆಡೆಗಳಲ್ಲಿ ಗೋಡೆಗೋ ಮಾಳಿಗೆಯ ಕಂಬಕ್ಕೋ ಅಂಟಿಕೊಂಡು ಕುಳಿತಿದೆ. ಕಟ್ಟಡದ ಒಳಗಿರುವುದನ್ನು ವೈ-ಫೈ ರೂಟರ್ ಎಂದೂ, ಮಾಳಿಗೆಯ ಮೇಲೆ ನಿಂತು ಹಲವು ಕಿಲೋಮೀಟರ್ ಆಚೆಯ ತನ್ನ ಜೊತೆಗಾರ ಪೆಟ್ಟಿಗೆಯೊಡನೆ ಸಂಪರ್ಕವಿರಿಸಿಕೊಳ್ಳುವುದನ್ನು ನಿಸ್ತಂತು ರೇಡಿಯೋ ಎಂದೂ ಕರೆಯುವುದು ವಾಡಿಕೆ. ಕೆಲಸ ಸುಗಮವಾಗಿ ನಡೆಯುತ್ತಿರುವಷ್ಟು ದಿನ ಇವುಗಳ ಇರವೇ ಯಾರ ಗಮನಕ್ಕೂ ಬಾರದು. ಒಂದು ದಿನ ಪೆಟ್ಟಿಗೆ ಮೌನ ತಾಳಿತೆಂದರೆ ಮಾತ್ರ ಎಲ್ಲರ ದೃಷ್ಟಿಯೂ ಅದರ ಕಡೆಗೆ ಹರಿಯುತ್ತದೆ. ಹತ್ತು ಜನ ಹತ್ತು ಬಗೆಯ ಉಪಾಯಗಳನ್ನು ಹೇಳುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುವುದು, ಹಿಂಬದಿಯ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಒತ್ತಿ ‘ರೀಸೆಟ್’ ಮಾಡಿಬಿಡಿ ಎಂಬ ಸಲಹೆ.

ಈ ಸಲಹೆಯಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಅರ್ಧಸತ್ಯ. ಯಾವ ಭಾಗ ಕೆಟ್ಟಿದೆ ಎಂದು ತಿಳಿಯದೆ ಗುಂಡಿಯನ್ನೊತ್ತಿದರೆ, ಐದು ನಿಮಿಷದಲ್ಲಿ ಸರಿಹೋಗಬಹುದಾಗಿದ್ದ ಕೆಲಸ ಐದು ದಿನಗಳ ತೊಡಕಾಗುವುದುಂಟು. ಆದುದರಿಂದ ಈ ಉಪಕರಣದ ಅಂತರಂಗವನ್ನು ಸ್ವಲ್ಪಮಟ್ಟಿಗಾದರೂ ಪರಿಚಯ ಮಾಡಿಕೊಳ್ಳುವುದು ಅವಶ್ಯ.

ಉದಾಹರಣೆಗೆ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರನ್ನು ತೆಗೆದುಕೊಳ್ಳಬಹುದು. 2002ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಇದು ಜಗತ್ತಿನಾದ್ಯಂತ ಮನೆಮಾತಾಯಿತು. ಅದರೊಳಗಿದ್ದ ತಂತ್ರಾಂಶವು ಲಿನಕ್ಸ್ ಆಧಾರಿತವಾದುದರಿಂದ 2003ರಲ್ಲಿ ಕಂಪನಿಯು ಅದರ ಮೂಲ ಸಂಕೇತಗಳನ್ನು ಪ್ರಕಟಿಸಬೇಕಾಯಿತು. ಅದನ್ನೇ ತಳಹದಿಯಾಗಿರಿಸಿಕೊಂಡು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸಾರ್ವಜನಿಕ ತಂತ್ರಾಂಶ ಹುಟ್ಟಿಕೊಂಡಿತು. ಇದೇ ಮನೆತನದ ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಮಾದರಿಯಲ್ಲಿ ಒಂದು ಸಣ್ಣ ಸಂಸ್ಕಾರಕ, 16 ಮೆಗಾಬೈಟಿನ ತಾತ್ಕಾಲಿಕ ಸ್ಮೃತಿ ಮತ್ತು 4 ಮೆಗಾಬೈಟಿನ ಶಾಶ್ವತ ಸ್ಮೃತಿ ಇದ್ದವು. ತಾತ್ಕಾಲಿಕ ಸ್ಮೃತಿಯು ಕರಿಹಲಗೆಯಂತೆ. ವಿದ್ಯುತ್ತು ಹೋದೊಡನೆ ಅಳಿಸಿಹೋಗುತ್ತದೆ. ಫ್ಲ್ಯಾಶ್ ಎನ್ನಿಸಿಕೊಳ್ಳುವ ಶಾಶ್ವತ ಸ್ಮೃತಿಯು ದಾಖಲಾತಿ ಪುಸ್ತಕದಂತೆ. ವಿದ್ಯುತ್ತಿರಲಿ ಇಲ್ಲದಿರಲಿ ಬರೆದುದು ಉಳಿದಿರುತ್ತದೆ.

ಈ ಶಾಶ್ವತ ಸ್ಮೃತಿಯೂ ಒಂದೇ ಹಾಳೆಯಲ್ಲ. ಅದರ ಮೊದಲ ತುದಿಯಲ್ಲಿ ಬೂಟ್‌ಲೋಡರ್ ಎಂಬ ಅತ್ಯಂತ ಚಿಕ್ಕ ಕಾರ್ಯಕ್ರಮವಿರುತ್ತದೆ. ಉಪಕರಣಕ್ಕೆ ವಿದ್ಯುತ್ತು ಹರಿದೊಡನೆ ಮೊಟ್ಟಮೊದಲು ಎಚ್ಚರಗೊಳ್ಳುವುದು ಇದೇ. ಉಳಿದವರನ್ನು ಎಬ್ಬಿಸುವುದೇ ಇದರ ಕೆಲಸ. ಅದರ ಬಳಿಕ ಫರ್ಮ್‌ವೇರ್, ಅಂದರೆ ಉಪಕರಣದ ಮುಖ್ಯ ತಂತ್ರಾಂಶ. ಮೂರನೆಯದು, ಬಳಕೆದಾರರು ಬರೆದಿಟ್ಟ ಹೊಂದಾಣಿಕೆಗಳು: ಜಾಲದ ಹೆಸರು, ಗುಪ್ತಪದ, ತರಂಗದ ಆವರ್ತನ, ಅಂತರಜಾಲ ಸೇವೆ ನೀಡುವವರು ಕೊಟ್ಟ ಖಾತೆಯ ವಿವರ ಇತ್ಯಾದಿ. ಬಹಳಷ್ಟು ಉಪಕರಣಗಳಲ್ಲಿ ನಾಲ್ಕನೆಯದೊಂದು ಮೂಲೆಯೂ ಉಂಟು. ಆ ಒಂದು ಪೆಟ್ಟಿಗೆಗೆಂದೇ ಕಾರ್ಖಾನೆಯಲ್ಲಿ ಅಳೆದು ಬರೆದ ರೇಡಿಯೋ ಅಳತೆಗಳು ಮತ್ತು ಅದರ ಹುಟ್ಟುಗುರುತಿನ ಸಂಖ್ಯೆ ಅಲ್ಲಿರುತ್ತವೆ. ಈ ಮೂಲೆ ಅಳಿದರೆ ಅದೇ ಮಾದರಿಯ ಬೇರೊಂದು ಪೆಟ್ಟಿಗೆಯಿಂದ ನಕಲು ಮಾಡಿಕೊಂಡೂ ಪೂರ್ಣ ಫಲ ಸಿಗದು.

ಉಪಕರಣವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದೆಂದರೆ ಇವುಗಳಲ್ಲಿ ಮೂರನೆಯ ಭಾಗವನ್ನು ಅಳಿಸುವುದು, ಅಷ್ಟೆ. ಫರ್ಮ್‌ವೇರ್ ಹಾಳಾಗಿದ್ದರೆ ಇದರಿಂದ ಅದು ಸರಿಹೋಗುವುದಿಲ್ಲ. ಕೊಂಡ ದಿನ ಇದ್ದ ಹಳೆಯ ಫರ್ಮ್‌ವೇರ್ ಮರಳಿ ಬರುತ್ತದೆಂಬ ಭಾವನೆಯೂ ಸಾಮಾನ್ಯವಾಗಿ ತಪ್ಪು. ನಡುವೆ ಹೊಸ ಆವೃತ್ತಿಯನ್ನು ತುಂಬಿದ್ದರೆ ಅದೇ ಉಳಿದಿರುತ್ತದೆ.

ಬರಿಯ ಮರುಪ್ರಾರಂಭಕ್ಕೂ ಈ ರೀಸೆಟ್‌ಗೂ ಇರುವ ಅಂತರವನ್ನು 2018ರ ಮೇ ತಿಂಗಳಲ್ಲಿ ಬಯಲಿಗೆ ಬಂದ ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶದ ಪ್ರಕರಣವು ಚೆನ್ನಾಗಿ ತೋರಿಸಿಕೊಟ್ಟಿತು. 54 ದೇಶಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಉಪಕರಣಗಳನ್ನು ಅದು ಹೊಕ್ಕಿತ್ತೆಂದು ಸಿಸ್ಕೋ ಸಂಸ್ಥೆಯ ಸಂಶೋಧಕರು ವರದಿ ಮಾಡಿದರು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಜನರಿಗೆ ತಮ್ಮ ರೂಟರ್‌ಗಳನ್ನು ಒಮ್ಮೆ ಆರಿಸಿ ಹಚ್ಚುವಂತೆ ಕರೆ ಕೊಟ್ಟಿತು. ಹಾಗೆ ಮಾಡಿದಾಗ ತಾತ್ಕಾಲಿಕ ಸ್ಮೃತಿಯಲ್ಲಿದ್ದ ಅದರ ಅಪಾಯಕಾರಿ ಅಂಗಗಳು ಅಳಿದುಹೋದವು. ಆದರೆ ಶಾಶ್ವತ ಸ್ಮೃತಿಯಲ್ಲಿ ಬೇರೂರಿದ್ದ ಮೊದಲ ಅಂಗ ಉಳಿಯಿತು. ಅದನ್ನು ಕೀಳಲು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದೇ ಬೇಕಾಯಿತು.

ಇನ್ನು ಕಾರ್ಯಕ್ರಮದ ವಿಚಾರ. ಗುಂಡಿಗೆ ಕೈಹಾಕುವ ಮೊದಲು ನೋಡಬೇಕಾದುದು ವಿದ್ಯುತ್ತನ್ನು. ಪೆಟ್ಟಿಗೆ ಸತ್ತಿತೆಂದು ಬಗೆದಲ್ಲಿ ಅನೇಕ ವೇಳೆ ಸತ್ತಿರುವುದು ಅದರ ಅಡಾಪ್ಟರ್. ಮಾಳಿಗೆಯ ಮೇಲಿನ ರೇಡಿಯೋಗಳಿಗೆ ಜಾಲದ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಪದ್ಧತಿಯಿದೆ. ಇವುಗಳಲ್ಲಿ ಕೆಲವಕ್ಕೆ 24 ವೋಲ್ಟ್, ಕೆಲವಕ್ಕೆ 48 ವೋಲ್ಟ್. ಒಂದರದನ್ನು ಇನ್ನೊಂದಕ್ಕೆ ಜೋಡಿಸಿ ಚೆನ್ನಾಗಿದ್ದ ರೇಡಿಯೋವನ್ನು ಸುಟ್ಟುಕೊಂಡವರಿದ್ದಾರೆ. ಕೇಬಲ್ಲಿನ ತುದಿಗೆ ಮಳೆನೀರು ಇಳಿದು ಹಸಿರುಗಟ್ಟುವುದೂ ಸಾಮಾನ್ಯ. ಇವೆಲ್ಲವೂ ಸರಿಯಿದ್ದಲ್ಲಿ ವಿದ್ಯುತ್ತನ್ನು ತೆಗೆದು, ಹತ್ತು ಹದಿನೈದು ಸೆಕೆಂಡು ತಡೆದು, ಮತ್ತೆ ಕೊಟ್ಟು, ಎರಡು ಮೂರು ನಿಮಿಷ ಕಾಯಬೇಕು. ಕಾಯುವ ತಾಳ್ಮೆಯಿಲ್ಲದೆ ಪುನಃ ಪುನಃ ಆರಿಸಿ ಹಚ್ಚುವುದು ಕೆಡುಕಿಗೆ ದಾರಿ.

ಅನಂತರವೂ ಫಲ ಕಾಣದಿದ್ದರೆ, ಅಥವಾ ಗುಪ್ತಪದವೇ ಮರೆತುಹೋಗಿದ್ದರೆ, ರೀಸೆಟ್ ಗುಂಡಿಯ ಸರದಿ. ಇಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲವೆಂಬುದನ್ನು ಮರೆಯಬಾರದು. ಯುಬಿಕ್ವಿಟಿ ಕಂಪನಿಯ ಏರ್‌ಮ್ಯಾಕ್ಸ್ ರೇಡಿಯೋಗಳಲ್ಲಿ ಉಪಕರಣ ಚಾಲನೆಯಲ್ಲಿರುವಾಗಲೇ ಗುಂಡಿಯನ್ನು ಹತ್ತು ಸೆಕೆಂಡಿಗೂ ಮೇಲೆ ಒತ್ತಿ ಹಿಡಿಯಬೇಕು. ಕೆಲವು ಮಾದರಿಗಳ ವಿದ್ಯುತ್ ಅಡಾಪ್ಟರಿನಲ್ಲಿಯೇ ಇನ್ನೊಂದು ರೀಸೆಟ್ ಗುಂಡಿಯಿರುವುದರಿಂದ ಕಂಬ ಹತ್ತುವ ಶ್ರಮವೂ ತಪ್ಪುತ್ತದೆ. ಲಾಟ್ವಿಯಾ ದೇಶದ ಮೈಕ್ರೋಟಿಕ್ ಉಪಕರಣಗಳ ಕ್ರಮವೇ ಬೇರೆ: ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ವಿದ್ಯುತ್ತು ಕೊಡಬೇಕು, ದೀಪ ಮಿನುಗತೊಡಗಿದಾಗ ಬಿಟ್ಟರೆ ಹೊಂದಾಣಿಕೆಗಳು ಅಳಿಯುತ್ತವೆ, ಇನ್ನೂ ಹಿಡಿದಿದ್ದರೆ ಉಪಕರಣವು ಬೇರೊಂದು ನಿಯಂತ್ರಕದ ಅಧೀನವಾಗಿ ವರ್ತಿಸುವ ಸ್ಥಿತಿಗೆ ಹೋಗುತ್ತದೆ, ಮತ್ತೂ ಹಿಡಿದಿದ್ದರೆ ಹೊಸ ತಂತ್ರಾಂಶಕ್ಕಾಗಿ ಕಾಯುವ ಸ್ಥಿತಿಗೆ ಬರುತ್ತದೆ. ಹೆಚ್ಚು ಹೊತ್ತು ಒತ್ತಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಎಷ್ಟು ತಪ್ಪೆಂಬುದು ಇದರಿಂದ ವೇದ್ಯವಾಗುತ್ತದೆ. ಗುಂಡಿಯನ್ನೊತ್ತಿ 30 ಸೆಕೆಂಡು, ವಿದ್ಯುತ್ತು ತೆಗೆದು 30, ಮತ್ತೆ ಕೊಟ್ಟು 30 ಎಂಬೊಂದು ‘ತ್ರಿಂಶತಿ’ ಪ್ರಯೋಗ ಹಳೆಯ ರೂಟರ್‌ಗಳ ಕಾಲದಿಂದ ಬಾಯಿಂದ ಬಾಯಿಗೆ ಹರಡಿ ಬಂದಿದೆ. ಎಲ್ಲ ರೋಗಕ್ಕೂ ಒಂದೇ ಗುಳಿಗೆಯನ್ನು ಕೊಡುವ ವೈದ್ಯನ ಪದ್ಧತಿಯಿದು. ಆಯಾ ಮಾದರಿಯ ಕೈಪಿಡಿಯನ್ನು ಓದುವುದೇ ಲೇಸು.

ರೀಸೆಟ್ ಆದ ಉಪಕರಣವು ಎಲ್ಲವನ್ನೂ ಮರೆತಿರುತ್ತದೆ. ಗಾಳಿಯ ಮೂಲಕ ಅದನ್ನು ಮಾತನಾಡಿಸಲು ಬಹುಪಾಲು ಆಗದು. ಕೇಬಲ್ ಜೋಡಿಸಿಯೇ ಹತ್ತಿರ ಹೋಗಬೇಕು. ಅದು ತನ್ನ ಕಾರ್ಖಾನೆಯ ವಿಳಾಸದಲ್ಲಿ ಕಾದಿರುತ್ತದೆ: ಏರ್‌ಮ್ಯಾಕ್ಸ್ ರೇಡಿಯೋವಾದರೆ 192.168.1.20, ಮೈಕ್ರೋಟಿಕ್ ಆದರೆ 192.168.88.1. ಗಣಕಯಂತ್ರಕ್ಕೂ ಅದೇ ಓಣಿಯ ಒಂದು ಮನೆಯ ಸಂಖ್ಯೆಯನ್ನು, ಉದಾಹರಣೆಗೆ 192.168.1.10 ಎಂದು, ಕೈಯಾರೆ ಕೊಟ್ಟಾಗಲೇ ಇವೆರಡರ ಭೇಟಿ ಸಾಧ್ಯ. ಈ ಸಣ್ಣ ಸಂಗತಿ ತಿಳಿಯದೆ, ರೀಸೆಟ್ ಮಾಡಿದ ಮೇಲೆ ಉಪಕರಣ ಪೂರ್ತಿ ಸತ್ತೇಹೋಯಿತೆಂದು ಕೈಚೆಲ್ಲುವವರು ಬಹಳ.

ಎರಡು ಊರುಗಳ ನಡುವಿನ ಜೋಡಿ ರೇಡಿಯೋಗಳಲ್ಲಿ ಆಚೆಯ ತುದಿಯದನ್ನು ಇಲ್ಲಿಂದಲೇ ಕಾರ್ಖಾನೆಯ ಸ್ಥಿತಿಗೆ ಕಳುಹಿಸುವುದು, ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ. ಸಂಪರ್ಕ ಅಲ್ಲಿಗೇ ಕಡಿಯಿತು. ಇನ್ನು ಯಾರಾದರೂ ಅಲ್ಲಿಗೆ ಹೋಗಿಯೇ ಸರಿಪಡಿಸಬೇಕು. ಆವರ್ತನವನ್ನೋ ಗುಪ್ತಪದವನ್ನೋ ಬದಲಿಸುವಾಗಲೂ ಮೊದಲು ದೂರದ ತುದಿ, ಬಳಿಕ ಹತ್ತಿರದ ತುದಿ ಎಂಬ ಕ್ರಮವನ್ನು ಅನುಭವಿಗಳು ತಪ್ಪದೆ ಪಾಲಿಸುತ್ತಾರೆ.

ಫರ್ಮ್‌ವೇರ್ ಕೆಟ್ಟಿರುವ ಪ್ರಸಂಗವು ಇದಕ್ಕಿಂತ ಗಂಭೀರವಾದುದು. ಹೊಸ ಆವೃತ್ತಿಯನ್ನು ಬರೆಯುತ್ತಿರುವಾಗ ನಡುವೆ ವಿದ್ಯುತ್ತು ಹೋದರೆ ಅರ್ಧ ಹಳೆಯದು, ಅರ್ಧ ಹೊಸದು ಆಗಿ, ಉಪಕರಣವು ದೀಪವನ್ನಷ್ಟೇ ಬೆಳಗಿಸಿಕೊಂಡು ನಿಶ್ಚೇಷ್ಟಿತವಾಗುತ್ತದೆ. ಇಟ್ಟಿಗೆಯಾಯಿತು ಎಂದು ತಂತ್ರಜ್ಞರು ಹಾಸ್ಯ ಮಾಡುವುದು ಈ ಸ್ಥಿತಿಯನ್ನೇ. ಇಲ್ಲಿಯೇ ಬೂಟ್‌ಲೋಡರಿನ ಮಹತ್ವ ಗೋಚರಿಸುವುದು. ಸಾಮಾನ್ಯವಾದ ನವೀಕರಣಗಳು ಅದನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಮೇಲಿನ ಕಟ್ಟಡವೆಲ್ಲ ಕುಸಿದರೂ ಅಡಿಗಲ್ಲು ಉಳಿದಿರುತ್ತದೆ. ಎಚ್ಚರಗೊಂಡ ಬೂಟ್‌ಲೋಡರ್, ಕೇಬಲ್ಲಿನ ಆಚೆ ಯಾರಾದರೂ ಹೊಸ ತಂತ್ರಾಂಶ ತಂದಿದ್ದಾರೆಯೇ ಎಂದು ಕೆಲವೇ ಸೆಕೆಂಡು ಕಾದು ನೋಡುವಂತೆ ಅನೇಕ ಉಪಕರಣಗಳಲ್ಲಿ ಏರ್ಪಾಡಿದೆ. ಹಳೆಯ ಲಿಂಕ್‌ಸಿಸ್ ರೂಟರ್ 192.168.1.1 ಎಂಬ ವಿಳಾಸದಲ್ಲಿ ಹೀಗೆ ಕಾಯುತ್ತಿತ್ತು. ಏರ್‌ಮ್ಯಾಕ್ಸ್ ರೇಡಿಯೋದಲ್ಲಿ ಗುಂಡಿಯನ್ನು ಒತ್ತಿ ಹಿಡಿದೇ ವಿದ್ಯುತ್ತು ಕೊಟ್ಟು, ದೀಪಗಳು ಒಂದಾದ ಮೇಲೊಂದರಂತೆ ಸರದಿಯಲ್ಲಿ ಮಿನುಗತೊಡಗಿದ ಬಳಿಕ ಬಿಟ್ಟರೆ ಅದೂ ಹೀಗೆಯೇ ಕಾದು ಕುಳಿತುಕೊಳ್ಳುತ್ತದೆ.

ಈ ಕೊಡುಕೊಳ್ಳುವಿಕೆಗೆ ಬಳಸುವುದು ಟಿಎಫ್‌ಟಿಪಿ ಎಂಬ ನಿಯಮಾವಳಿ. 1981ರಷ್ಟು ಹಿಂದೆಯೇ ಪ್ರಕಟವಾದ ಇದು ಸರಳತೆಯಲ್ಲಿ ಎಣೆಯಿಲ್ಲದ್ದು. ಕಡತವನ್ನು 512 ಬೈಟುಗಳ ತುಣುಕುಗಳಾಗಿ ಕತ್ತರಿಸಿ, ಒಂದನ್ನು ಕಳುಹಿಸಿ, ‘ಮುಟ್ಟಿತು’ ಎಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳುಹಿಸುವುದು ಇದರ ಕ್ರಮ. 4 ಮೆಗಾಬೈಟಿನ ಕಡತವೆಂದರೆ 8,192 ತುಣುಕುಗಳು. ನಿಧಾನವಾದರೇನು, ಇಷ್ಟು ಸರಳವಾದ ನಿಯಮಗಳನ್ನು ಬೂಟ್‌ಲೋಡರಿನಂಥ ಪುಟ್ಟ ಕಾರ್ಯಕ್ರಮದಲ್ಲಿಯೂ ಅಡಕ ಮಾಡಬಹುದು; ಹೊಸ ಹೊಸ ಪದ್ಧತಿಗಳು ಬಂದರೂ ಇದು ಉಳಿದುಬಂದಿರುವುದು ಆ ಕಾರಣದಿಂದಲೇ.

ಕೆಲಸ ಸರಳವೆಂದು ತೋರಿದರೂ ಎಡವುವ ಸ್ಥಳಗಳು ಕೆಲವಿವೆ. ಗಣಕಯಂತ್ರವು ಕೇಬಲ್ಲಿನ ಸಂಪರ್ಕವನ್ನು ಗುರುತಿಸಿಕೊಳ್ಳುವುದಕ್ಕೇ ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಬೂಟ್‌ಲೋಡರ್ ಕಾಯುವ ಗಳಿಗೆ ಮುಗಿದುಹೋಗಿರುತ್ತದೆ. ನಡುವೆ ಒಂದು ಸಾಧಾರಣ ಸ್ವಿಚ್ಚನ್ನು ಇರಿಸಿದರೆ ಗಣಕದ ಕಡೆಯ ಸಂಪರ್ಕ ಸದಾ ಜೀವಂತವಾಗಿದ್ದು ಈ ತೊಡಕು ನಿವಾರಣೆಯಾಗುತ್ತದೆ. ಗಣಕದ ರಕ್ಷಣಾ ತಂತ್ರಾಂಶವಾದ ಫೈರ್‌ವಾಲ್ ತುಣುಕುಗಳನ್ನು ತಡೆಯುವುದೂ ಉಂಟು. ಅದನ್ನೂ, ಗಣಕದ ವೈ-ಫೈಯನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಫರ್ಮ್‌ವೇರ್ ಕಡತವು ಅದೇ ಮಾದರಿಯ, ಅದೇ ಯಂತ್ರಾಂಶ ಆವೃತ್ತಿಯದಾಗಿರತಕ್ಕದ್ದು. ಹೆಸರು ಒಂದೇ ಇದ್ದು ಒಳಗಿನ ಚಿಪ್ಪು ಬೇರೆಯಾಗಿರುವ ಪೆಟ್ಟಿಗೆಗಳಿಗೆ ಕೊರತೆಯಿಲ್ಲ. ಕಡತ ತಲುಪಿದ ಮೇಲೆ ಅದನ್ನು ಸ್ಮೃತಿಗೆ ಬರೆದುಕೊಳ್ಳಲು ಉಪಕರಣಕ್ಕೆ ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಮತ್ತೆ ಮೊದಲಿನಿಂದ. ಯುಪಿಎಸ್ ಇರುವ ಕೋಣೆಯಲ್ಲಿಯೇ ಈ ಕೆಲಸ ಮಾಡುವುದು ಜಾಣತನ.

ವಿದ್ಯುತ್ತಿನ ಮಾತು ಮತ್ತೆ ಮತ್ತೆ ಬರುತ್ತಿರುವುದು ಆಕಸ್ಮಿಕವಲ್ಲ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯು ಸುತ್ತಲಿನ ಗ್ರಾಮಗಳಲ್ಲಿ ನೇತ್ರ ಕೇಂದ್ರಗಳನ್ನು ತೆರೆದು, ಹಳ್ಳಿಯ ರೋಗಿಗಳು ಅಲ್ಲಿಂದಲೇ ಥೇಣಿಯ ವೈದ್ಯರೊಡನೆ ಪರದೆಯ ಮೇಲೆ ಮುಖಾಮುಖಿ ಮಾತನಾಡುವ ವ್ಯವಸ್ಥೆಯನ್ನು ಕಲ್ಪಿಸಿತು. ಇದಕ್ಕೆ ಬೇಕಾದ ದೂರಗಾಮಿ ವೈ-ಫೈ ಸಂಪರ್ಕವನ್ನು 2000ರ ದಶಕದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎರಿಕ್ ಬ್ರೂವರ್ ಅವರ ತಂಡವು ನಿರ್ಮಿಸಿಕೊಟ್ಟಿತು. ಅದೇ ಕಾಲದಲ್ಲಿ ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಏರ್‌ಜಲ್ದಿ ಎಂಬ ಜಾಲವು ಮೇಲೆ ಹೇಳಿದ ಲಿಂಕ್‌ಸಿಸ್ ರೂಟರ್‌ಗಳನ್ನೇ ಬಳಸಿ ಬೆಟ್ಟಗಳ ನಡುವೆ ಹಬ್ಬಿತು. 2005ರ ಜನವರಿಯಲ್ಲಿ ಭಾರತ ಸರ್ಕಾರವು 2.4 ಗಿಗಾಹರ್ಟ್ಸ್ ತರಂಗಗಳನ್ನು ಪರವಾನಗಿಯಿಂದ ಮುಕ್ತಗೊಳಿಸಿದುದು ಇಂಥ ಯತ್ನಗಳಿಗೆ ಇಂಬಾಯಿತು.

ಈ ಎರಡು ಜಾಲಗಳ ಅನುಭವವನ್ನು ತಂಡದವರು 2008ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದರು. ತರಂಗಗಳ ಸಮಸ್ಯೆಗಿಂತ ವಿದ್ಯುತ್ತಿನ ಸಮಸ್ಯೆಯೇ ಅವರನ್ನು ಹೆಚ್ಚಾಗಿ ಕಾಡಿತ್ತು. ಒಮ್ಮೆಲೆ ನುಗ್ಗುವ ಅಧಿಕ ವೋಲ್ಟೇಜಿನಿಂದ ಅಡಾಪ್ಟರ್‌ಗಳೂ ಫಲಕಗಳೂ ಸುಟ್ಟವು. ಬರೆಯುವ ನಡುವೆ ವಿದ್ಯುತ್ತು ಕಡಿದು ಸ್ಮೃತಿಯ ಕಾರ್ಡುಗಳು ಕೆಟ್ಟವು. ಬ್ಯಾಟರಿ ಬಸವಳಿದು ವೋಲ್ಟೇಜು ಕುಗ್ಗಿದಾಗ ಉಪಕರಣವು ಸಾಯದೆಯೂ ಬದುಕದೆಯೂ ನಡುವೆ ಸಿಕ್ಕಿಕೊಂಡಿತು. ಅವರು ಕಂಡುಕೊಂಡ ಪರಿಹಾರಗಳು ಮನನೀಯವಾಗಿವೆ. ಸ್ಮೃತಿಯನ್ನು ಸಾಮಾನ್ಯವಾಗಿ ಓದಲಷ್ಟೇ ಬಿಟ್ಟು, ಬರೆಯುವುದಕ್ಕೆ ತಡೆಯೊಡ್ಡುವುದು. ವೋಲ್ಟೇಜು ಒಂದು ಮಿತಿಗಿಂತ ಕುಗ್ಗಿದರೆ ಉಪಕರಣವನ್ನು ಪೂರ್ತಿಯಾಗಿ ಆರಿಸಿಬಿಡುವ ಮಂಡಲವನ್ನು ಜೋಡಿಸುವುದು. ತಂತ್ರಾಂಶವು ನಿಯತವಾಗಿ ಓಗೊಡದಿದ್ದರೆ ತಾನಾಗಿಯೇ ಉಪಕರಣವನ್ನು ಮರುಪ್ರಾರಂಭಿಸುವ ‘ವಾಚ್‌ಡಾಗ್’ ಎಂಬ ಕಾವಲುಗಾರನನ್ನು ಇರಿಸುವುದು. ದೂರದ ಊರಿನಿಂದ ತಜ್ಞರು ಬರುವವರೆಗೆ ಕಾಯುವ ಸ್ಥಿತಿ ತಪ್ಪಬೇಕಾದರೆ ಸ್ಥಳದಲ್ಲಿರುವ ಸಿಬ್ಬಂದಿಗೇ ಮೊದಲ ಹಂತದ ಪರೀಕ್ಷೆಯನ್ನು ಕಲಿಸಬೇಕೆಂಬುದೂ ಅವರ ಅನುಭವವಾಗಿತ್ತು. ಸಂಪರ್ಕ ಕಡಿದ ದಿನ ಹಳ್ಳಿಯ ಕೇಂದ್ರಕ್ಕೆ ಬಂದ ರೋಗಿಗೆ ವೈದ್ಯರ ಸಲಹೆ ದೊರೆಯದು. ಅಲ್ಲಿ ರೀಸೆಟ್ ವಿಧಾನವನ್ನು ಬಲ್ಲ ಒಬ್ಬ ಸಹಾಯಕನ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉಪಕರಣ ಮರಳಿ ಎದ್ದಿತೆಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾರ್ಖಾನೆಯ ಸ್ಥಿತಿಯೆಂದರೆ ಬೀಗದ ಕೈ ಬಾಗಿಲಲ್ಲೇ ನೇತುಬಿದ್ದ ಸ್ಥಿತಿ. ಬಹುಕಾಲದವರೆಗೆ ಒಂದೊಂದು ಕಂಪನಿಯೂ ತನ್ನ ಲಕ್ಷಾಂತರ ಪೆಟ್ಟಿಗೆಗಳಿಗೆ ಒಂದೇ ಗುಪ್ತಪದವನ್ನಿಟ್ಟು ಮಾರುತ್ತಿತ್ತು. ಅದು ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತಿತ್ತು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಇಂಥ ಸುಮಾರು 60 ಜೋಡಿ ಹೆಸರು-ಗುಪ್ತಪದಗಳ ಪಟ್ಟಿಯೊಂದನ್ನೇ ಹಿಡಿದು ಜಗತ್ತಿನ ಅಸಂಖ್ಯ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದರ ಮರುವರ್ಷ, 2017ರ ಜುಲೈನಲ್ಲಿ, ಕರ್ನಾಟಕ ವಲಯದಲ್ಲಿಯೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ತುತ್ತಾಗಿ ನಿಷ್ಕ್ರಿಯಗೊಂಡವು. ‘ಅಡ್ಮಿನ್’ ಎಂಬ ಮೂಲ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳೇ ಬಲಿಯಾದುದು. ಗ್ರಾಹಕರು ಕೂಡಲೇ ಗುಪ್ತಪದವನ್ನು ಬದಲಿಸಬೇಕೆಂದು ಸಂಸ್ಥೆಯು ಪ್ರಕಟಣೆ ಹೊರಡಿಸಿತು.

ಆದ್ದರಿಂದ ರೀಸೆಟ್ ಮಾಡಿದ ಉಪಕರಣವನ್ನು ಅಂತರಜಾಲದ ತಂತಿಗೆ ಜೋಡಿಸುವ ಮೊದಲೇ ಗುಪ್ತಪದವನ್ನು ಬದಲಿಸಬೇಕು. ಆಮೇಲೆ ಫರ್ಮ್‌ವೇರನ್ನು ಹೊಸದಾಗಿಸಬೇಕು. ದೇಶದ ಆಯ್ಕೆಯಲ್ಲಿ ಭಾರತವನ್ನೇ ಗುರುತಿಸಬೇಕು. 2018ರಲ್ಲಿ 5 ಗಿಗಾಹರ್ಟ್ಸ್ ವಲಯದ ತರಂಗಗಳೂ ಪರವಾನಗಿಮುಕ್ತವಾದವಾದರೂ, ದೇಶದ ಆಯ್ಕೆ ತಪ್ಪಾದರೆ ಇಲ್ಲಿ ಅನುಮತಿಯಿಲ್ಲದ ಆವರ್ತನದಲ್ಲಿ ರೇಡಿಯೋ ಪ್ರಸಾರ ಮಾಡತೊಡಗಬಹುದು.

ಕಾನೂನುಗಳೂ ಈಚೆಗೆ ಎಚ್ಚೆತ್ತಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2020ರ ಜನವರಿಯಿಂದಲೂ ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದಲೂ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದವನ್ನಿಟ್ಟು ಮಾರುವುದಕ್ಕೆ ನಿರ್ಬಂಧವಿದೆ. ಇದರ ಫಲವಾಗಿ ಹೊಸ ಉಪಕರಣಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಗುಪ್ತಪದವಿದ್ದು, ಅದು ಹಿಂಬದಿಯ ಚೀಟಿಯಲ್ಲಿ ಮುದ್ರಿತವಾಗಿರುವುದು ಹೆಚ್ಚುತ್ತಿದೆ. ಒಳ್ಳೆಯದೇ. ಆದರೆ ಅದರಿಂದ ಹೊಸದೊಂದು ಪೇಚು: ರೇಡಿಯೋವನ್ನು 40 ಅಡಿ ಕಂಬದ ತುದಿಗೆ ಬಿಗಿದ ಮೇಲೆ ಆ ಚೀಟಿಯನ್ನು ಓದುವವರಾರು? ಎರಡು ಮಳೆಗಾಲ ಕಳೆದರೆ ಅಕ್ಷರಗಳೂ ಉಳಿಯವು. ಏರಿಸುವ ಮೊದಲೇ ಚೀಟಿಯ ಛಾಯಾಚಿತ್ರ ತೆಗೆದು, ಎಲ್ಲ ಹೊಂದಾಣಿಕೆಗಳನ್ನು ಉಳಿಸಿಡುವ ಬ್ಯಾಕಪ್ ಕಡತದೊಡನೆ ಜೋಪಾನ ಮಾಡುವುದು, ಮುಖ್ಯವಾದುವನ್ನು ಕಚೇರಿಯ ದಫ್ತರದಲ್ಲಿ ಬರೆದು ಬೀಗದೊಳಗಿಡುವುದು ಇದಕ್ಕೆ ಸುಲಭೋಪಾಯ. ಯಾವುದೋ ಒಬ್ಬ ಅಧ್ಯಾಪಕರ ನೆನಪಿನಲ್ಲಷ್ಟೇ ಇರುವ ಗುಪ್ತಪದವು ಅವರ ವರ್ಗಾವಣೆಯೊಡನೆ ತಾನೂ ವರ್ಗವಾಗಿ ಹೋಗುತ್ತದೆ.

ಹಳೆಯ ಉಪಕರಣಗಳನ್ನು ಶಾಲೆಗಳಿಗೆ ದಾನ ಮಾಡುವ ಉದಾರಿಗಳಿಗೂ ಇಲ್ಲೊಂದು ಸಂಗತಿಯಿದೆ. ಈಸೆಟ್ ಎಂಬ ಭದ್ರತಾ ಸಂಸ್ಥೆಯವರು ಹಳೆಯ ರೂಟರ್‌ಗಳ ಮಾರುಕಟ್ಟೆಯಿಂದ 18 ರೂಟರ್‌ಗಳನ್ನು ಕೊಂಡು ಪರೀಕ್ಷಿಸಿ 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಪರೀಕ್ಷೆಗೊಳಪಟ್ಟ ಜಾಲಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ವಿವರಗಳು ಹಿಂದಿನ ಒಡೆಯರು ಅಳಿಸದೆ ಬಿಟ್ಟ ಕಾರಣ ಹಾಗೆಯೇ ಉಳಿದಿದ್ದವು. ಕೈಬಿಡುವ ಮೊದಲು ಒಮ್ಮೆ ರೀಸೆಟ್ ಮಾಡಿದ್ದರೆ ಈ ಪ್ರಮಾದ ತಪ್ಪುತ್ತಿತ್ತು. ದಾನ ಕೊಡುವಾಗ ಉಪಕರಣದೊಡನೆ ಅದರದೇ ಅಡಾಪ್ಟರನ್ನೂ ಕೊಟ್ಟು, ಮಾದರಿಯ ಹೆಸರನ್ನು ಬರೆದುಕೊಟ್ಟರೆ ಪಡೆದವರಿಗೆ ನಿಜವಾದ ಉಪಕಾರ. ಅಡಾಪ್ಟರಿಲ್ಲದ ರೇಡಿಯೋಗಳು ಕಪಾಟಿನಲ್ಲಿ ಧೂಳು ತಿನ್ನುವುದೇ ಹೆಚ್ಚು.

ಬೂಟ್‌ಲೋಡರೂ ಅಳಿದ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ಫಲಕದ ಸರಣಿ ಸಂಪರ್ಕದ ಮೂಲಕವೋ ಸ್ಮೃತಿಯ ಚಿಪ್ಪನ್ನೇ ಹೊರತೆಗೆದೋ ಬದುಕಿಸುವ ನಿಪುಣರಿದ್ದಾರೆ. ಅದಕ್ಕೆ ಬೆಸುಗೆಯ ಕೈಚಳಕವೂ ವಿಶೇಷ ಸಲಕರಣೆಯೂ ಬೇಕು. ಅಗ್ಗದ ಒಳಾಂಗಣ ರೂಟರಿಗೆ ಆ ಶ್ರಮ ಸಾರ್ಥಕವೆನಿಸದು. ಅಂಥದನ್ನು ಕಸದ ತೊಟ್ಟಿಗೆಸೆಯದೆ, ಇ-ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು. ಅದರ ಅಡಾಪ್ಟರ್, ಕೇಬಲ್, ಗೋಡೆಗೆ ಬಿಗಿಯುವ ಪಟ್ಟಿಗಳನ್ನು ಮಾತ್ರ ತೆಗೆದಿರಿಸಿಕೊಳ್ಳಬಹುದು. ಅಡಾಪ್ಟರಿನ ಮೇಲೆ ಎಷ್ಟು ವೋಲ್ಟಿನದೆಂದು ಚೀಟಿ ಅಂಟಿಸಿ.